ಹಮ್ಮಣ್ಣನ ಕಲ್ಲಿನ ಮೇಲೆ ದುರ್ಗಿ

ಒಂದಾನೊಂದು ಕಾಲದಲ್ಲಿ, ಕಡಲಿಗೂ ಗುಡ್ಡಕ್ಕೂ ನಡುವೆ ಒಂದು ಚಾಪೆ ಹಾಸುವಷ್ಟೂ ಮರಳಿಲ್ಲದ ಒಂದು ಊರಿತ್ತಂತೆ. ಬರೀ ಕರಿ ಬಂಡೆ. ಬಲೆ ಬೀಸಿದರೆ ಬಲೆ ಹರಿಯುತ್ತದೆ, ದೋಣಿ ತಂದರೆ ದೋಣಿ ಒಡೆಯುತ್ತದೆ. ಅದಕ್ಕೇ ಆ ಊರಿನವರು ಬಂಡೆಯ ಮೇಲೆ ಕೂತು, ಕೈಯಲ್ಲಿ ದಾರ ಹಿಡಿದು, ಗಾಳ ಹಾಕಿ ಮೀನು ಹಿಡಿಯುತ್ತಿದ್ದರಂತೆ. ಯಾವ ಮೀನು? ಮುರು ಮೀನು. ಮೈತುಂಬ ಚುಕ್ಕಿ, ದಪ್ಪ ತುಟಿ, ನೀರಿನಡಿಯ ಬಂಡೆಯ ಪೊಟರೆಯಲ್ಲಿ ಒಂಟಿಯಾಗಿ ಮನೆ ಮಾಡಿಕೊಂಡಿರುವ ಗರ್ವದ ಮೀನು. ಕಾಲು ಮಡಚಬೇಡ, ನೆಟ್ಟಗೆ ಚಾಚಿ ಮಲಗು. ಹೂಂ ಅನ್ನುತ್ತಿರು.

ಆ ಊರಿನಲ್ಲಿ ಒಂದೊಂದು ಮನೆಗೆ ಒಂದೊಂದು ಕಲ್ಲು. ಮನೆಯ ಗಂಡಸಿನ ಹೆಸರೇ ಕಲ್ಲಿಗೂ. ಒಬ್ಬರ ಕಲ್ಲಿನ ಮೇಲೆ ಇನ್ನೊಬ್ಬರು ಕೂರುವ ಹಾಗಿಲ್ಲ. ಆದರೆ ಒಂದು ಕಟ್ಟಳೆ ಇತ್ತಂತೆ. ಕಡಲಿಗೆ ಕಾಯಿ ಬಿಡುವ ನೂಲ ಹುಣ್ಣಿಮೆಯಿಂದ ದೀಪಾವಳಿಯ ನೀರು ತುಂಬುವ ದಿನದೊಳಗೆ ಪ್ರತಿ ಕಲ್ಲಿನಿಂದಲೂ ಒಂದು ಮುರು ಮೀನು ಮೇಲೆ ಬರಬೇಕು, ಆ ಮನೆಯ ಅನ್ನ ಉಣ್ಣುವವರೇ ಹಿಡಿದಿರಬೇಕು. ಮೂರು ವರ್ಷ ಬರಲಿಲ್ಲವೋ, ಆ ಕಲ್ಲು ಬೇರೆ ಮನೆಗೆ. ಕಲ್ಲು ಹೋಯಿತು ಅಂದರೆ ಆ ಮನೆಯ ಗಂಡಸು ಕಡಲು ಸೇರಿದ ಅಂತಲೇ ಲೆಕ್ಕ. ಹೆಂಡತಿ ಬಳೆ ಒಡೆದು ಕುಂಕುಮ ಅಳಿಸಬೇಕು.

ಆ ಊರಿನಲ್ಲಿ ಹಮ್ಮಣ್ಣ ಅಂತ ಒಬ್ಬನಿದ್ದ, ಅವನ ಹೆಂಡತಿ ದುರ್ಗಿ. ಮದುವೆಯಾಗಿ ಒಂದು ಮಳೆಗಾಲ ಕಳೆದಿತ್ತು ಅಷ್ಟೆ, ಮನೆಗೆ ಹೊಸ ಮಾಡು ಹೊದಿಸಬೇಕು ಅಂತ ಹಮ್ಮಣ್ಣ ತೆಂಗಿನಕಾಯಿ ತುಂಬಿದ ಹಡಗಿನಲ್ಲಿ ಆಳಾಗಿ ಹೋದನಂತೆ. ಹೋದವನು ಬರಲಿಲ್ಲ. ಹಡಗೂ ಬರಲಿಲ್ಲ. ದುರ್ಗಿ ದಿನಾ ಎರಡು ಬಟ್ಟಲು ಗಂಜಿ ಬಡಿಸುವಳು, ಒಂದು ಆರಿದ ಮೇಲೆ ಅದನ್ನೂ ತಾನೇ ಕುಡಿಯುವಳು, ಸಂಜೆ ಬಾಗಿಲಲ್ಲಿ ಕೂತು ಕಡಲು ನೋಡುವಳು.

ಹೀಗಿರುವಾಗ ಪಕ್ಕದ ಮನೆಯ ಗಣಪು, ಹಮ್ಮಣ್ಣನ ಕಲ್ಲಿನ ಮೇಲೆ ಮೊದಲಿಂದಲೂ ಕಣ್ಣಿಟ್ಟವನು, ಬುಧವಂತನ ಹತ್ತಿರ ಹೋದನಂತೆ. ಊರ ಯಜಮಾನನಿಗೆ ಅಲ್ಲಿ ಬುಧವಂತ ಅನ್ನುತ್ತಿದ್ದರು, ಅವನ ಹೆಸರು ಜಟ್ಟಪ್ಪ. ಗಣಪು ಅಂದ, ಆ ಕಲ್ಲು ಸುಮ್ಮನೆ ಬಿದ್ದಿದೆಯಲ್ಲ ಮಾವಾ. ಜಟ್ಟಪ್ಪ ಅಂದ, ಇನ್ನೂ ಮೂರು ವರ್ಷ ಇದೆಯಲ್ಲ ಮಾರಾಯಾ, ಉಸಿರು ಬಿಡು.

ಇದು ಕಿವಿಗೆ ಬಿದ್ದದ್ದೇ ತಡ, ದುರ್ಗಿ ಸೀರೆ ಎತ್ತಿ ಕಟ್ಟಿ, ಗಂಡನ ದಾರ ಗಾಳ ತೆಗೆದುಕೊಂಡು, ಹೋಗಿ ಕಲ್ಲಿನ ಮೇಲೆ ಕೂತಳಂತೆ. ಊರೆಲ್ಲ ಬಾಯಿ ಬಿಟ್ಟಿತು. ಹೆಂಗಸು ಗಾಳ ಹಿಡಿಯಬಾರದು ಅಂತ ಕಟ್ಟಳೆಯಲ್ಲಿ ಇರಲಿಲ್ಲ, ಯಾಕೆಂದರೆ ಹಿಡಿದಾಳು ಅಂತ ಯಾರಿಗೂ ಹೊಳೆದೇ ಇರಲಿಲ್ಲ.

ಮೊದಲನೇ ವರ್ಷ ಏಡಿ ಸಿಕ್ಕಿಸಿ ಗಾಳ ಬಿಟ್ಟಳು. ಒಂದು ದಿನ ಮುರು ಕಚ್ಚಿತು, ಕಚ್ಚಿದ್ದೇ ಸರ್ರನೆ ತನ್ನ ಪೊಟರೆಗೆ ನುಗ್ಗಿ, ಕಿವಿರು ಉಬ್ಬಿಸಿ, ಗೋಡೆಗೆ ಬೆಣೆ ಹೊಡೆದ ಹಾಗೆ ಕೂತುಬಿಟ್ಟಿತು. ದುರ್ಗಿ ಎಳೆದಳು. ಅಂಗೈ ಕುಯ್ದು ರಕ್ತ ಬಂತು, ದಾರ ಪಟ್ಟನೆ ಹರಿಯಿತು. ಎಲ್ಲರೂ ನಕ್ಕರು.

ಎರಡನೇ ವರ್ಷ ಎರಡು ಎಳೆ ಹೊಸೆದು ದಾರ ದಪ್ಪ ಮಾಡಿಕೊಂಡಳು. ಮುರು ಮತ್ತೆ ಕಚ್ಚಿತು, ಮತ್ತೆ ಪೊಟರೆ ಹೊಕ್ಕಿತು. ಬಂಡೆಗೆ ಕಾಲು ಕೊಟ್ಟು ಎಳೆದಳು, ಎಳೆದಳು, ಆಮೇಲೆ ಕೈ ಸೋತು, ಇನ್ನು ಆಗದು ಅಂತ ದಾರ ಸಡಿಲ ಬಿಟ್ಟು ಮುಖ ಮುಚ್ಚಿ ಅಳುತ್ತಾ ಕೂತಳಂತೆ. ಬಹಳ ಹೊತ್ತಾಯಿತು. ಆಗ ಬೆರಳಿನ ಸಂದಿಯಲ್ಲಿ ದಾರ ತಾನಾಗಿಯೇ ಮೆಲ್ಲಗೆ ಜಾರಿತು. ಏನು ಅಂತ ಅವಳಿಗೆ ತಿಳಿಯುವಷ್ಟರಲ್ಲಿ ಮೀನು ಪೊಟರೆಯಿಂದ ಹೊರಗೆ ಬಂದು, ಗಾಳ ಒದರಿ ಹೋಗಿತ್ತು. ದುರ್ಗಿ ಕಣ್ಣೊರೆಸಿಕೊಂಡಳು. ಓಹೋ, ಎಳೆಯುವವರೆಗೆ ನೀನು ಒಳಗೆ, ಬಿಟ್ಟರೆ ನೀನು ಹೊರಗೆ. ಹಾಗಾದರೆ ಕಾಯುವುದೇ ಕೆಲಸವಾ? ಅದು ನನಗೆ ಚೆನ್ನಾಗಿ ಬರುತ್ತದಲ್ಲ, ಅಂದುಕೊಂಡಳಂತೆ.

ಮೂರನೇ ವರ್ಷ ಕಡಲು ಕೆಟ್ಟುಹೋಯಿತು. ಅಲೆ ಇಳಿಯಲೇ ಇಲ್ಲ, ಯಾರೂ ಕಲ್ಲಿನ ಹತ್ತಿರ ಸುಳಿಯುವ ಹಾಗಿರಲಿಲ್ಲ. ಕೊನೆಗೆ ನೀರು ತುಂಬುವ ದಿನವೇ ಬಂತು. ಸೂರ್ಯ ಮುಳುಗಿದರೆ ಕಲ್ಲು ಗಣಪುವಿಗೆ. ಬೆಳಿಗ್ಗೆ ಅಲೆ ಸ್ವಲ್ಪ ತಗ್ಗಿದ್ದೇ ದುರ್ಗಿ ಹೋಗಿ ಗಾಳ ಬಿಟ್ಟಳು. ಬಿಸಿಲೇರುವ ಹೊತ್ತಿಗೆ ಮುರು ಕಚ್ಚಿತು, ಪೊಟರೆ ಹೊಕ್ಕಿತು. ಅವಳು ಎಳೆಯಲಿಲ್ಲ. ದಾರ ಸಡಿಲ ಬಿಟ್ಟು, ಒಂದು ಸುತ್ತು ಬೆರಳಿಗೆ ಸುತ್ತಿಕೊಂಡು ಕೂತಳು.

ಮಧ್ಯಾಹ್ನ ಗಣಪು ಬಂದ. ಏನು ಅತ್ತಿಗೆ, ಮೀನಿಗೆ ಜೋಗುಳ ಹಾಡುತ್ತಾ ಕೂತಿದ್ದೀರಾ? ದುರ್ಗಿ ಅಂದಳು, ಹಾಡಿದರೆ ಮೊದಲು ನಿನಗೇ ನಿದ್ದೆ ಬಂದೀತು, ಎದ್ದು ನಿನ್ನ ಮನೆಯ ಹಂಡೆಗೆ ನೀರು ತುಂಬು ಹೋಗು.

ಆಮೇಲೆ ಜಟ್ಟಪ್ಪ ಬಂದ. ಮಗಾ, ಉಬ್ಬರ ಏರುತ್ತಾ ಇದೆ, ಮೇಲೆ ಬಾ, ಮೂರು ವರ್ಷ ಕಾದದ್ದು ಸಾಕು, ಹೋದವನು ಹೋದ. ದುರ್ಗಿ ಅಂದಳು, ಸೂರ್ಯ ಮುಳುಗುವುದಕ್ಕೆ ಇನ್ನೂ ಹೊತ್ತಿದೆ ಬುಧವಂತರೇ. ಅವನು ಒಂದು ಉಸಿರು ಬಿಟ್ಟು ಮೇಲಿನ ಬಂಡೆಯಲ್ಲಿ ಕೂತ. ನೀರು ಅವಳ ಮೊಣಕಾಲಿಗೆ ಬಂತು.

ಸೂರ್ಯ ಕೆಂಪಾದ. ಆಗ ಮೂರನೇ ಸಲ ಹಿಂದಿನಿಂದ ಒಂದು ದನಿ. ದುರ್ಗೀ.

ಹಮ್ಮಣ್ಣನ ದನಿ. ಅದೇ ದನಿ. ಆದರೆ ಮೂರು ವರ್ಷದಲ್ಲಿ ಆ ದನಿ ಎಷ್ಟು ಸಲ ಕೇಳಿಸಿತ್ತೋ, ನೀರು ಸೇದುವಾಗ, ಅಕ್ಕಿ ಗೇರುವಾಗ, ಪ್ರತಿ ಸಲವೂ ತಿರುಗಿ ನೋಡಿ ಬರೀ ಗಾಳಿ ಕಂಡಿದ್ದಳು. ಈಗ ತಿರುಗಿದರೆ ಬೆರಳು ಮಿಸುಕುತ್ತದೆ, ಮೀನು ಹೋಗುತ್ತದೆ, ಕಲ್ಲು ಹೋಗುತ್ತದೆ, ಕೈಯ ಬಳೆ ಹೋಗುತ್ತದೆ. ಅವಳು ಕಣ್ಣು ನೀರಿನ ಮೇಲೆಯೇ ಇಟ್ಟು ಗಾಳಿಗೆ ಹೇಳಿದಳಂತೆ, ಹೋಯ್, ನಿಜವಾಗಿ ನೀವೇ ಆಗಿದ್ದರೆ ಅಲ್ಲೇ ಕೂತ್ಕೊಳ್ಳಿ, ಅಲ್ಲಾಡಬೇಡಿ. ಅಲ್ಲದಿದ್ದರೆ ನನ್ನನ್ನು ಇವತ್ತೊಂದು ದಿನ ಬಿಟ್ಟುಬಿಡಿ.



ದಾರ ಮೆಲ್ಲಗೆ ಜಾರಿತು. ಒಂದು ಗೇಣು. ಎರಡು ಗೇಣು. ಮೂರನೇ ಗೇಣಿಗೆ ದುರ್ಗಿ ಎದ್ದು, ಇದ್ದಬದ್ದ ಬಲವೆಲ್ಲ ಕೂಡಿಸಿ ಎಳೆದಳು. ಬಾಗಿಲಷ್ಟು ಅಗಲದ ಮುರು, ನೀರು ಸೀಳಿಕೊಂಡು ಮೇಲೆದ್ದಿತು. ಅಷ್ಟರಲ್ಲಿ ದೊಡ್ಡ ಅಲೆಯೊಂದು ಬಂದು ಅವಳ ಕಾಲು ಕಿತ್ತಿತು. ಬೀಳಬೇಕು, ಹಿಂದಿನಿಂದ ಎರಡು ಕೈ ಸೊಂಟ ಹಿಡಿದವು. ಗಾಳಿಗೆ ಕೈ ಇರುತ್ತದಾ? ಇರುವುದಿಲ್ಲ. ಆದರೂ ಅವಳು ದಾರ ಬಿಡಲಿಲ್ಲ, ಮೀನು ಕಲ್ಲಿನ ಮೇಲೆ ಬಿದ್ದು ಬಾಲ ಬಡಿದ ಮೇಲೆಯೇ ತಿರುಗಿದಳಂತೆ.

ಹಮ್ಮಣ್ಣ. ಗಡ್ಡ ಎದೆಗೆ ಬಂದಿದೆ, ಕಾಲಿನ ಉಗುರು ಸವೆದಿವೆ. ಹಡಗು ದೂರದ ದಂಡೆಯಲ್ಲಿ ಒಡೆದಿತ್ತಂತೆ. ಅಲ್ಲಿಂದ ನಡೆದು ಬರುವ ದಾರಿಯಲ್ಲಿ ಹೊಳೆಗಳೇ ಹೊಳೆಗಳು, ಒಂದೊಂದು ಹೊಳೆ ದಾಟಿಸಲು ಅಂಬಿಗನ ಮನೆಯಲ್ಲಿ ತಿಂಗಳುಗಟ್ಟಲೆ ದುಡಿಯಬೇಕಾಯಿತಂತೆ. ಇವಳು ನೋಡಿದ್ದೆಲ್ಲ ಕಡಲ ಕಡೆ, ಅವನು ಬಂದದ್ದು ಗುಡ್ಡದ ಕಡೆಯಿಂದ.

  ಕರೆದರೆ ತಿರುಗಲೂ ಇಲ್ಲವಲ್ಲೇ, ಅಂದ ಅವನು. ತಿರುಗಿದ್ದಿದ್ದರೆ ನೀವು ಸತ್ತುಹೋಗುತ್ತಿದ್ದಿರಿ, ಅಂದಳು ಅವಳು, ಅಂದು ಗೊಳೋ ಅಂತ ಅತ್ತಳಂತೆ.

ಸೂರ್ಯ ಆಗ ತಾನೇ ಮುಳುಗಿದ. ಜಟ್ಟಪ್ಪ ಮೇಲಿಂದ ಕೂಗಿದ, ಹಮ್ಮಣ್ಣನ ಕಲ್ಲು ಉಳಿಯಿತು! ಹಮ್ಮಣ್ಣ ಅಂದ, ಹಮ್ಮಣ್ಣ ಎಲ್ಲಿ ಹಿಡಿದ ಬುಧವಂತರೇ? ಹಿಡಿದವರ ಹೆಸರು ಹೇಳಿ. ಜಟ್ಟಪ್ಪ ತಲೆ ಕೆರೆದುಕೊಂಡು ಮತ್ತೊಮ್ಮೆ ಕೂಗಿದನಂತೆ, ದುರ್ಗಿಯ ಕಲ್ಲು. ಮೀನು ಹೊರಲು ಗಣಪುವನ್ನೇ ಕರೆದರು, ಅವನು ಗೊಣಗುತ್ತಲೇ ಹೊತ್ತ, ಸಾರು ಮಾತ್ರ ಮೂರು ಸಲ ಹಾಕಿಸಿಕೊಂಡ.

ಆ ದಿನ ಬಡಿಸಿದ ಎರಡು ಬಟ್ಟಲೂ ಬಿಸಿಯಾಗಿರುವಾಗಲೇ ಖಾಲಿಯಾದವಂತೆ. ಅವರು ಅಲ್ಲಿ ಸುಖವಾಗಿ ಉಂಡರು, ನನ್ನ ಕತೆ ಇಲ್ಲಿಗೆ ತೀರಿತು. ಕಣ್ಣು ಮುಚ್ಚು.