ಚಂದ್ರಗಾವಿ ಕಂಪನಿಯ ಪುಟ

“ಕೇಳ್ರಪ್ಪೋ ಕೇಳ್ರಿ. ಅರಮನೆಯ ಲೋಕಕೋಶದಲ್ಲಿ ಚಂದ್ರಗಾವಿ ಬಣ್ಣದ ಕಂಪನಿ ತನಗೊಂದು ಪುಟ ಕೇಳಿದೆ. ಪುಟ ಸಲ್ಲುತ್ತದೋ ಇಲ್ಲವೋ, ದೊರೆಯ ಮೂರು ಒಗಟು ಬಿಡಿಸಿದವನು ತೀರ್ಪು ಹೇಳಲಿ. ತಪ್ಪಿದವನ ತಲೆ ಉಳಿಯುವುದಿಲ್ಲ.”

ಈ ಡಂಗುರ ಕೇಳಿದಾಗ ಹುಲುಗಪ್ಪ ಅಗಸಿ ಬಾಗಿಲಲ್ಲಿ ಕೂತು ಕೊಳಗಕ್ಕೆ ಕಲಾಯಿ ಹಾಕುತ್ತಿದ್ದ. ಊರೂರು ತಿರುಗುವ ಆಸಾಮಿ, ಓದು ಅಷ್ಟಕ್ಕಷ್ಟೆ. ಅವನ ತಂಗಿ ತಿಪ್ಪವ್ವ ನೂಲಿಗೆ ಬಣ್ಣ ಹಾಕುವ ಅದೇ ಕಂಪನಿಯಲ್ಲಿ ಅಟ್ಟಣಿಗೆ ಮುರಿದು, ಕುದಿಯುವ ಬಣ್ಣದ ಕೊಪ್ಪರಿಗೆಗೆ ಬಿದ್ದು ಸತ್ತಿದ್ದಳು. ಕಂಪನಿ ಮರುದಿನವೇ ಹೊಸ ಅಟ್ಟಣಿಗೆ ಕಟ್ಟಿಸಿ, ಏನೂ ಆಗಿಲ್ಲ ಎಂದಿತು. ಆ ರಾಜ್ಯದಲ್ಲಿ ಲೋಕಕೋಶವೆಂಬ ದೊಡ್ಡ ಹೊತ್ತಗೆಯಲ್ಲಿ ಇದ್ದದ್ದಷ್ಟೇ ನಡೆದದ್ದು. ಕಂಪನಿಗೆ ಪುಟ ಸಿಕ್ಕರೆ ಅದರೊಳಗೆ ತಂಗಿಯ ಹೆಸರು ಬರೆಸಬಹುದು ಎಂದುಕೊಂಡು ಅವನು ಎದ್ದ.

ಅರಮನೆಯಲ್ಲಿ ಅವನಿಗಿಂತ ಮುಂಚೆ ಇಬ್ಬರು ನಿಂತಿದ್ದರು. ದೊರೆ ಕೇಳಿದ: “ನೂರು ಊರಲ್ಲಿ ಕೇಳಿಸುತ್ತದೆ, ಆಡುವ ಬಾಯಿ ಒಂದೇ. ಏನದು?” ಕಂಪನಿಯ ಪಾರುಪತ್ಯಗಾರ ಮೀಸೆ ತಿರುವಿ, ನಮ್ಮ ಕೀರ್ತಿ ಎಂದ. ಅವನನ್ನು ಹಿತ್ತಲ ಬಾಗಿಲಿಂದ ಕರೆದೊಯ್ದರು. ಕಂಪನಿ ಕೊಟ್ಟ ಪಟ್ಟೆ ಉಟ್ಟಿದ್ದ ಕವಿ, ಗುಡುಗು ಎಂದ. ಅವನನ್ನೂ ಕರೆದೊಯ್ದರು, ಪಟ್ಟೆ ಮಾತ್ರ ವಾಪಸು ಬಂತು.

“ಡಂಗುರ ರೀ,” ಎಂದ ಹುಲುಗಪ್ಪ. “ತನ್ನ ಬಗ್ಗೆ ತಾನೇ ಸಾರಿಸಿದ್ದು.”

ಸಾವಿರ ಕಡೆ ಹೆಸರುಂಟು, ಹೆಸರಿನ ಮುಂದೆ ಒಂದು ಮಾತಿಲ್ಲ; ಅದು ಎರಡನೆಯ ಒಗಟು. ಸಂತೆಯಲ್ಲಿ ಅಂಗಡಿ ಹಾಕಿದವರ ಪಟ್ಟಿ, ಅದರಿಂದ ಯಾರ ಗುಣವೂ ತಿಳಿಯುವುದಿಲ್ಲ ಎಂದು ಹುಲುಗಪ್ಪ ಬಿಡಿಸಿದ.

“ಮನೆ ಬಿದ್ದರೆ ಅಳುವುದಿಲ್ಲ, ಎದ್ದರೆ ನಗುವುದಿಲ್ಲ. ಆದರೂ ನಿಂತು ನೋಡುತ್ತಾನೆ, ಬರೆದಿಡುತ್ತಾನೆ. ಯಾರವನು?”

ಹುಲುಗಪ್ಪ ಸಭೆಯಲ್ಲಿ ಕೂತಿದ್ದ ಕಂಪನಿಯ ಧಣಿಯ ಕಡೆ ನೋಡಿದ. ಕಟುಕ ಕತ್ತಿ ಎತ್ತಿಕೊಂಡ. ಗೊತ್ತಿಲ್ಲವೇ ಎಂದ ದೊರೆ.

“ಗೊತ್ತೈತ್ರಿ. ಹೇಳಾಕ ಮನಸಿಲ್ಲ.” ಆಮೇಲೆ ಹೇಳಿದ. “ಸಂಬಂಧ ಇಲ್ಲದ ಹೊರಗಿನವ.”

ಮೂರೂ ಸರಿ ಎಂದ ದೊರೆ, ಕಂಪನಿ ತಂದಿದ್ದ ಪೆಟ್ಟಿಗೆಯನ್ನು ಸುರಿಸಿದ. ಡಂಗುರದ ಓಲೆಗಳು, ಸಂತೆಯ ಪಟ್ಟಿಗಳು, ಸತ್ತ ಕವಿಯ ಪದ್ಯ. ಹೊರಗಿನವನು ಬರೆದ ಒಂದೇ ಒಂದು ಸಾಲು ಅದರಲ್ಲಿರಲಿಲ್ಲ.

ಹುಲುಗಪ್ಪ ಅಟ್ಟಣಿಗೆಯ ವಿಷಯ ಹೇಳಿದ. ಕಂಪನಿಯ ಧಣಿಯ ಮುಖ ಬಿಳಿಚಿಕೊಂಡಿತು.

“ಸತ್ತವಳು ನಿನಗೇನಾಗಬೇಕು?” ಎಂದ ದೊರೆ.

“ತಂಗಿ.”

“ಮೂರನೆಯ ಒಗಟು ಬಿಡಿಸಿದವನು ನೀನೇ ಅಲ್ಲವೇನಪ್ಪ?”

ಹುಲುಗಪ್ಪ ಖಾಲಿ ಪೆಟ್ಟಿಗೆಯ ಮುಚ್ಚಳ ಹಾಕಿದ. “ನಾ ಹೊರಗಿನವ ಅಲ್ರಿ. ಪುಟ ಸಲ್ಲಂಗಿಲ್ರಿ,” ಎಂದ. ಪುಟವಿಲ್ಲದ ಮೇಲೆ ಅಟ್ಟಣಿಗೆಯೂ ಮುರಿದಿಲ್ಲ; ಧಣಿ ನೆಮ್ಮದಿಯ ಉಸಿರು ಬಿಟ್ಟ.

ದೊರೆ ಶಾಲು ಹೊದಿಸಿ, ಚಿನ್ನದ ಕಡಗ ತೊಡಿಸಿ, ಕೋಶದ ಕಾವಲಿಗೆ ಇಲ್ಲೇ ಇರು ಎಂದ. ಹುಲುಗಪ್ಪ ನಿಲ್ಲಲಿಲ್ಲ. ಹೊರಗಿನವನೊಬ್ಬ ಬರೆದಾನು ಎಂದು ಊರೂರಿನಲ್ಲಿ ಕಲಾಯಿ ಹಾಕುತ್ತ ತಂಗಿಯ ಕತೆ ಹೇಳಿದ. ಕೇಳಿದವರೆಲ್ಲ ಅತ್ತರು. ಅತ್ತವರು ಬರೆದದ್ದು ಕೋಶಕ್ಕೆ ಸಲ್ಲುವುದಿಲ್ಲ.