ಹಸಿ ಬೇವಿನ ಕಟ್ಟು

ರಾಚಪ್ಪ ಅಜ್ಜನವರ ಪಾದದ ಬಳಿ ತಂದಿಟ್ಟ ಹಸಿ ಬೇವಿನ ಬರಲುಗಳ, ಎಂದರೆ ಎಲೆಸಹಿತ ಕಡ್ಡಿಗಳ, ಕಟ್ಟು ಕೊನೆಗೆ ಎಲ್ಲಿ ಸೇರಿತು, ಊಹಿಸಿ ನೋಡೋಣ. ಒಲೆಗೆ ಎಂದಿರಾ? ತಪ್ಪಿತು. ಆದರೂ ಪೂರಾ ತಪ್ಪಲ್ಲ. ಒಲೆಯ ಬಾಯಿತನಕ ಹೋಗಿ ಬಂದದ್ದು ನಿಜ.

ಹುಣಸಿಕಟ್ಟೆ ಮಠವೆಂದರೆ ಮಣ್ಣಿನ ಎರಡು ಅಂಕಣ, ಅಷ್ಟೇ. ಪೂಜ್ಯ ಕರಿಸಿದ್ಧ ಅಜ್ಜನವರು ಅಂದು ಬೆಳಿಗ್ಗೆ ತಾವೇ ಒಲೆಯ ಮುಂದೆ ಕುಳಿತು ದಾಸೋಹಕ್ಕೆ ನುಚ್ಚು ಬೇಯಿಸುತ್ತಿದ್ದರು. ರಾಚಪ್ಪ ಬಂದವನೇ ಅಡ್ಡಬಿದ್ದ. ಅವನ ಸಿಟ್ಟು ಮಾತ್ರ ಅಡ್ಡಬೀಳಲಿಲ್ಲ.

“ಈ ಬರಲಿಗೆ ವಿಭೂತಿ ಹಚ್ಚಿ ಕೊಡ್ರಿ ಅಜ್ಜಾರ. ಹಡೆದಾಗಿಂದ ನನ್ನ ಹೇಂತಿ ನಿಂಬೆವ್ವಗ ಗಾಳಿ ಬಡದೈತಿ. ಈಗ ನಗತಾಳ, ಒಂದು ರೊಟ್ಟಿ ಬಡಿಯೋದ್ರಾಗ ಅಳತಾಳ, ಆಮ್ಯಾಲ ಹಂಚು ಎತ್ತಿ ಒಗಿತಾಳ. ಸಂಜಿಗೆ ದೆವ್ವಾ ಬಿಡಸಾವ ಬರತಾನ. ಬೇವಿನ ಬರಲಿನಾಗ ಹೊಡದ್ರ ಇಳಿತೈತಂತ.”

“ಕೂಸು ಯಾರ ಕೈಯಾಗ ಇರತೈತಿ?”

“ಆಕಿ ಕೈಯಾಗ.”

“ಆಕಿ ಮಲಗೋದು ಯಾವಾಗ?”

ರಾಚಪ್ಪ ಒಲೆಯ ಕಡೆ ತಿರುಗಿದ. ನುಚ್ಚು ಉಕ್ಕಿ ಬರುತ್ತಿತ್ತು, ಕಟ್ಟಿಗೆಯನ್ನು ಹಿಂದಕ್ಕೆಳೆದ. ಉರಿ ತಗ್ಗಿತು, ಮುಂದಕ್ಕೆ ತಳ್ಳಿದ. ಕೈಗೆ ರೂಢಿಯಾದ ಕೆಲಸ.

ನೋಡುತ್ತಿದ್ದ ಅಜ್ಜನವರ ಮುಖ ಕೆಂಪೇರಿತು. ಬೇವಿನ ಕಟ್ಟನ್ನೆತ್ತಿ ಒಲೆಗೆ ಒತ್ತಲು ಹೋದರು.

“ಬ್ಯಾಡ್ರಿ ಅಜ್ಜಾರ, ಹಸೀದು. ಒಲಿ ಕೆಡತೈತಿ.”

“ಒಲಿಗೆ ಬ್ಯಾಡಾದ ಹಸಿ ಬರಲು ಬಾಣಂತಿ ಮೈಮ್ಯಾಲ ಬೇಕೇನೋ? ಉರಿ ಏರಿತು, ಇಳೀತು. ಒಲಿಗೆ ದೆವ್ವ ಬಡದೈತಿ ಅಂದೇನು? ಕಟ್ಟಿಗಿ ಎಳದಿ. ಹೋಗು, ಕೂಸು ನೀ ಹಿಡಿ. ಆಕಿ ಉಣ್ಣಲಿ, ಮಲಗಲಿ. ನಾಳಿಗೆ ದವಾಖಾನಿಗೆ ಕರಕೊಂಡು ಹೋಗು.”

ಕಟ್ಟನ್ನು ಅವನ ಎದೆಗೇ ಒಗೆದರು. ಶಾಂತಮೂರ್ತಿಗಳು ಹಾಗೆ ಗದರಿದ್ದನ್ನು ಭಕ್ತರು ಅದಕ್ಕೆ ಮೊದಲು ಕಂಡಿರಲಿಲ್ಲ.

ದಾರಿಯುದ್ದಕ್ಕೂ ರಾಚಪ್ಪ ಕುದಿಯುತ್ತಲೇ ನಡೆದ. ಈ ಸಲ ಕುದಿದದ್ದು ತನ್ನ ಮೇಲೆ. ಮನೆಗೆ ಬಂದು ಆ ಕಟ್ಟಿನ ಬೇವಿನ ಎಲೆ ಬಿಡಿಸಿ ಬಾಣಂತಿಯ ಸ್ನಾನದ ಹಂಡೆಗೆ ಹಾಕಿದ. ಎರೆದುಕೊಂಡು ಬಿಸಿ ಉಂಡ ನಿಂಬೆವ್ವ ದೀಪ ಹಚ್ಚುವತನಕ ನಿದ್ದೆಹೋದಳು.

ದೆವ್ವ ಬಿಡಿಸುವವನು ಬಾಗಿಲಿಗೆ ಬಂದಾಗ ಕೂಸು ಅಪ್ಪನ ಹೆಗಲ ಮೇಲಿತ್ತು.

“ಮೆಲ್ಲಗ ಮಾತಾಡೋ, ಮಲಗ್ಯಾಳ. ದೆವ್ವಾ ಬಡದಿದ್ದು ನನಗ. ಮುಂಜಾನೆನ ಇಳೀತು.”

ನಿಂಬೆವ್ವನ ಮನಸ್ಸು ಮರುದಿನವೇ ನೆಟ್ಟಗಾಯಿತೆಂದರೆ ಸುಳ್ಳಾದೀತು. ಏರಿತು, ಇಳಿಯಿತು, ಔಷಧವೂ ನಡೆಯಿತು. ರಾಚಪ್ಪ ಹೊತ್ತು ನೋಡಿ ಕಟ್ಟಿಗೆ ಎಳೆಯುವುದನ್ನು ಕಲಿತ. ಬರಲು ಮಾತ್ರ ಆ ಮನೆಯಲ್ಲಿ ಯಾರ ಮೇಲೂ ಏಳಲಿಲ್ಲ, ಏಳಬೇಕಿದ್ದ ಆ ಸಂಜೆಯೂ ಏಳಲಿಲ್ಲ. ಆ ದಿನ ಜ್ಯೇಷ್ಠ ಬಹುಳದ ಮಣ್ಣೆತ್ತಿನ ಅಮಾವಾಸ್ಯೆ, ಸೋಮವಾರ; ದೆವ್ವ ಬಿಡಿಸಲು ಅದಕ್ಕಿಂತ ಒಳ್ಳೆಯ ದಿನವಿಲ್ಲವೆಂದು ಊರಿನ ನಂಬಿಕೆ.