ಬಾವಿಯ ಬಳಿ ಬಿಟ್ಟುಹೋದ ನಾಯಿಗಳು

"ಗುರುಗಳೇ, ಮುದಿಯಾದ ಪ್ರಾಣಿಗೆ, ಕಣ್ಣಿಲ್ಲದ್ದಕ್ಕೆ, ಕಾಲಿಲ್ಲದ್ದಕ್ಕೆ ಔಷಧ ಮಾಡಿಸಿ, ಮನೆ ಹುಡುಕಿ ಕೊಡುವುದರಿಂದ ಏನು ಪ್ರಯೋಜನ? ಹೇಗೂ ಅವು ಬಹಳ ದಿನ ಉಳಿಯುವುದಿಲ್ಲವಲ್ಲ?"

ಶಿಷ್ಯ ಅಡಿವೆಪ್ಪ ಹೀಗೆ ಕೇಳಿದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ, ತಿಳಿಯುವ ಆಸೆಯಿತ್ತು. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಎರಡು ದಾರಿಗಳು ಕೂಡುವ ಕಡೆ ಒಂದು ಊರಿತ್ತು. ಊರ ಹೊರಗೆ ಒಂದು ದೊಡ್ಡ ಬಾವಿ. ಎತ್ತುಗಳ ಮೇಲೆ ಉಪ್ಪು, ಮೆಣಸು, ಬಟ್ಟೆ ಹೇರಿಕೊಂಡು ಹೋಗುವ ವ್ಯಾಪಾರಿಗಳು ಅಲ್ಲಿ ಒಂದು ದಿನ ತಂಗಿ ಮುಂದಕ್ಕೆ ಹೋಗುತ್ತಿದ್ದರು. ಪ್ರತಿಯೊಂದು ತಂಡದ ಜೊತೆಗೂ ಕಾವಲಿನ ನಾಯಿಗಳಿರುತ್ತಿದ್ದವು. ನಾಯಿಗೆ ವಯಸ್ಸಾಗಿ ನಡಿಗೆ ನಿಧಾನವಾದರೆ ವ್ಯಾಪಾರಿಗಳು ಅದನ್ನು ಆ ಬಾವಿಯ ಬಳಿ ಬಿಟ್ಟುಬಿಡುತ್ತಿದ್ದರು. ಹೊಡೆದು ಓಡಿಸುತ್ತಿರಲಿಲ್ಲ. ಇಲ್ಲಿ ನೀರಿದೆ, ನೆರಳಿದೆ, ಹೇಗೋ ಬದುಕಿಕೊಳ್ಳುತ್ತದೆ ಎಂದು ತಮಗೆ ತಾವೇ ಹೇಳಿಕೊಂಡು ಹೊರಟುಬಿಡುತ್ತಿದ್ದರು.

ಬಾವಿಯ ಹತ್ತಿರದ ಮನೆಯಲ್ಲಿ ಕಂಬಳಿ ನೇಯುವ ಒಬ್ಬ ವಿಧವೆಯಿದ್ದಳು. ಅವಳನ್ನು ಊರವರು ಕೆಂಚವ್ವ ಎಂದು ಕರೆಯುತ್ತಿದ್ದರು. ಮಗ್ಗದ ಮುಂದೆ ಕುಳಿತರೆ ಅವಳಿಗೆ ದಾರಿ ಕಾಣುತ್ತಿತ್ತು. ಆ ದಾರಿಯನ್ನೇ ನೋಡುತ್ತ ಕುಳಿತ ನಾಯಿಗಳೂ ಕಾಣುತ್ತಿದ್ದವು. ಒಂದು ದಿನ, ಎರಡು ದಿನ, ನಾಲ್ಕು ದಿನ. ತಂಡ ಹೋದ ದಿಕ್ಕಿನಿಂದ ಅವು ಮುಖ ತಿರುಗಿಸುತ್ತಿರಲಿಲ್ಲ. ನೋಡಲಾರದೆ ಅವಳು ಒಂದನ್ನು ಮನೆಗೆ ಕರೆದುಕೊಂಡು ಬಂದಳು. ಆಮೇಲೆ ಇನ್ನೊಂದನ್ನು. ವರ್ಷ ಕಳೆಯುವಷ್ಟರಲ್ಲಿ ಅಂಗಳದಲ್ಲಿ ನಾಲ್ಕಾದವು. ಒಂದಕ್ಕೆ ಕಿವಿ ಕೇಳದು. ಒಂದಕ್ಕೆ ಮೂರೇ ಕಾಲು. ಒಂದು ಕುರುಡು. ಮತ್ತೊಂದಕ್ಕೆ ಆಗಾಗ ಮೂರ್ಛೆ ಬಂದು ನೆಲಕ್ಕೆ ಬಿದ್ದು ಒದ್ದಾಡುವ ರೋಗ.

ನಾಲ್ಕಕ್ಕಿಂತ ಹೆಚ್ಚು ಸಾಕುವುದು ಅವಳ ಕೈಲಾಗಲಿಲ್ಲ. ಐದನೆಯದು ಬಂದಾಗ ಅವಳು ಕಣ್ಣು ತಪ್ಪಿಸಿ ಬಾಗಿಲು ಹಾಕಿಕೊಂಡಳು. ಮೂರನೆಯ ದಿನ ಅದು ಬಾವಿಯ ಕಟ್ಟೆಗೆ ಒರಗಿ ಸತ್ತುಹೋಗಿತ್ತು. ಕೆಂಚವ್ವ ತಾನೇ ಗುಂಡಿ ತೋಡಿ ಅದನ್ನು ಮಣ್ಣು ಮಾಡಿದಳು. ಕೈ ತೊಳೆಯುವಾಗ ಅವಳಿಗೆ ಒಂದು ವಿಷಯ ಸ್ಪಷ್ಟವಾಯಿತು. ತನ್ನ ಒಂದು ಮನೆ ಸಾಲದು. ಊರಿನ ಮನೆಗಳು ಬೇಕು.

ಅವಳು ಮನೆ ಮನೆಗೆ ಹೋದಳು. "ಪಾಪದ ಜೀವ, ಒಂದನ್ನು ಇಟ್ಟುಕೊಳ್ಳಿ" ಎಂದು ಬೇಡಿದಳು. ಪಾಪ ಎಂದು ಎಲ್ಲರೂ ಹೇಳಿದರು. ಬಾಗಿಲು ಮಾತ್ರ ಯಾರೂ ತೆರೆಯಲಿಲ್ಲ. ಕೊನೆಗೆ ಕಂಚುಗಾರನ ಅಂಗಡಿಗೆ ಬಂದಳು. ಅವನು ಹಂಡೆ ಬಡಿಯುತ್ತಿದ್ದ. ಅವಳ ಮಾತು ಅವನಿಗೆ ಕೇಳಿಸಬೇಕಾದರೆ ಸುತ್ತಿಗೆ ನಿಲ್ಲಿಸಬೇಕಾಯಿತು.

"ನಾಯಿ ಬೇಡ ಅನ್ನುವವನಲ್ಲ ನಾನು. ಮೂರು ಸಲ ತಂದಿದ್ದೆ, ಕೆಂಚವ್ವ. ಮೂರೂ ಈ ಸದ್ದಿಗೆ ಹೆದರಿ ಓಡಿಹೋದವು. ನಮ್ಮ ಮಾಳಿಗೆಯ ಮೇಲೆ ಕಾಗೆಯೂ ಕೂರುವುದಿಲ್ಲ" ಎಂದ.

ಕೆಂಚವ್ವ ಒಂದು ಗಳಿಗೆ ಅವನ ಮುಖ ನೋಡಿದಳು. ಮರುಗಳಿಗೆ ಸೀರೆಯ ನೆರಿಗೆ ಎತ್ತಿ ಕಟ್ಟಿ ಓಡಿದಳು. ನಲವತ್ತೈದು ದಾಟಿದ ಹೆಂಗಸು ಹಾಡುಹಗಲಲ್ಲಿ ಪೇಟೆಯ ನಡುವೆ ಓಡುವುದನ್ನು ಕಂಡು ಜನ ಬೆಂಕಿ ಬಿತ್ತೇನೋ ಎಂದು ಹೊರಗೆ ಬಂದರು. ಅವಳು ಕಿವುಡು ನಾಯಿಯನ್ನು ಕರೆದುಕೊಂಡು ಏದುಸಿರು ಬಿಡುತ್ತ ಅಂಗಡಿಗೆ ಮರಳಿದಳು.

"ಈಗ ಬಡಿ ಅಣ್ಣಾ, ಬಡಿ!"

ಕಂಚುಗಾರ ಬಡಿದ. ನಾಯಿ ಹಂಡೆಯನ್ನು ಮೂಸಿತು. ಅವನ ಪಾದವನ್ನು ಮೂಸಿತು. ಆ ಪಾದದ ಮೇಲೆ ಗಲ್ಲವಿಟ್ಟು ಮಲಗಿತು. ಅವನು ಇನ್ನೂ ಜೋರಾಗಿ ಬಡಿದ. ಎದುರಿನ ಅಂಗಡಿಯವರು ಕಿವಿ ಮುಚ್ಚಿಕೊಂಡರು. ನಾಯಿ ಗೊರಕೆ ಹೊಡೆಯತೊಡಗಿತು. ಕಂಚುಗಾರ ಸುತ್ತಿಗೆ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಪಾದವನ್ನು ಮಾತ್ರ ಅಲುಗಿಸಲಿಲ್ಲ.

ಅಂದಿನಿಂದ ಕೆಂಚವ್ವ ಪಾಪ ಎನ್ನುವ ಮಾತನ್ನೇ ಬಿಟ್ಟಳು. ಯಾರ ಮನೆಗೆ ಹೋದರೂ ಅಲ್ಲಿ ಏನು ಕೊರತೆಯಿದೆ, ಅದಕ್ಕೆ ಯಾವ ನಾಯಿ ಹೊಂದುತ್ತದೆ ಎಂದು ನೋಡತೊಡಗಿದಳು. ಮೂರ್ಛೆಯ ನಾಯಿಯನ್ನು ಸೂಲಗಿತ್ತಿ ತೆಗೆದುಕೊಂಡಳು. ನರಳುವ ಜೀವದ ಪಕ್ಕದಲ್ಲಿ ಸುಮ್ಮನೆ ಕೂರುವುದು ಅವಳಿಗೆ ರೂಢಿಯಾಗಿತ್ತು, ಒಂಟಿ ಮನೆಯಲ್ಲಿ ಮಾತನಾಡಿಸಲು ಯಾರೂ ಇರಲಿಲ್ಲ. ಮೂರು ಕಾಲಿನದು ಊರುಗೋಲು ಹಿಡಿದು ಹೂದೋಟ ಸುತ್ತುವ ಒಬ್ಬ ಮುದುಕನ ಹೆಜ್ಜೆಗೆ ಹೆಜ್ಜೆ ಹಾಕಿತು. ಎಲ್ಲವೂ ಹೀಗೆ ನೆಟ್ಟಗಾಗಲಿಲ್ಲ. ಕುರುಡು ನಾಯಿಯನ್ನು ಅವಳು ಕುಂಬಾರನ ಮನೆಗೆ ಕೊಟ್ಟಳು. ಅದು ಒಂದೇ ಬೆಳಗ್ಗೆ ಒಣಗಲಿಟ್ಟ ಮಡಕೆಗಳ ನಡುವೆ ಓಡಾಡಿ ಅರ್ಧಕ್ಕರ್ಧ ಪುಡಿ ಮಾಡಿತು. ಕುಂಬಾರ ಅದನ್ನು ಹೆಗಲ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಳಿಸಿದ. "ಇದರ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಮೇಲಿದೆ" ಎಂದು ಹೇಳಿ ಹೋದ. ಕೆಂಚವ್ವ ಮಗ್ಗದ ಪಕ್ಕದಲ್ಲಿ ಅದಕ್ಕೆ ಜಾಗ ಮಾಡಿದಳು. ಅದು ಅವಳದಾಗಿಯೇ ಉಳಿಯಿತು.

ಹೀಗಿರುವಾಗ ಒಂದು ದಿನ ದೊಡ್ಡ ತಂಡವೊಂದು ಬಂದು ತಂಗಿತು. ಅದರ ಯಜಮಾನ ಒಂದು ಮುದಿ ಹೆಣ್ಣು ನಾಯಿಯನ್ನು ಬಾವಿಯ ಕಂಬಕ್ಕೆ ಕಟ್ಟುತ್ತಿರುವುದನ್ನು ಕೆಂಚವ್ವ ಕಂಡಳು. ಅದರ ಮೂತಿಯೆಲ್ಲ ಬೆಳ್ಳಗಾಗಿತ್ತು. ಹೊಟ್ಟೆಯ ಕೆಳಗೆ ತೆಂಗಿನಕಾಯಿಯಷ್ಟು ದೊಡ್ಡ ಗಂಟು ಜೋತಾಡುತ್ತಿತ್ತು.

"ಹೆಸರೇನು ಸಾಹುಕಾರರೇ ಇದಕ್ಕೆ?"

"ಚಂದ್ರಿ. ಹದಿಮೂರು ವರ್ಷ ನನ್ನ ಜೊತೆ ನಡೆದಿದ್ದಾಳೆ. ಈಗ ಆ ಗಂಟು ನೆಲಕ್ಕೆ ತಾಗುತ್ತದೆ, ನಾಲ್ಕು ಹೆಜ್ಜೆಗೆ ಕೂತುಬಿಡುತ್ತಾಳೆ. ಕಟ್ಟದಿದ್ದರೆ ತೆವಳಿಕೊಂಡಾದರೂ ನಮ್ಮ ಹಿಂದೆ ಬರುತ್ತಾಳೆ ತಾಯೀ, ಅದಕ್ಕೇ ಕಟ್ಟಿದೆ" ಎಂದ ವ್ಯಾಪಾರಿ. ಬಗ್ಗಿ ಅವಳ ತಲೆ ಸವರಿದ. ಆದರೂ ಅವನು ಹೊರಟ. ಹಿಂದಿರುಗಿ ನೋಡಲಿಲ್ಲ.

ಕೆಂಚವ್ವ ಹಗ್ಗ ಬಿಚ್ಚಿ ಗಂಟನ್ನು ಮುಟ್ಟಿ ನೋಡಿದಳು. ಒಂದು ಕಡೆ ಚರ್ಮ ಬಿರಿದು ಕೀವು ಸೋರುತ್ತಿತ್ತು. ಹೀಗೇ ಬಿಟ್ಟರೆ ವಾರ ಕಳೆಯದು. ಆಗಲೇ ಸೂಲಗಿತ್ತಿ ನೀರಿಗೆಂದು ಬಂದವಳು ಒಂದು ಸುದ್ದಿ ಹೇಳಿದಳು. ಕುದುರೆಗಳ ಗಾಯ ಕೊಯ್ದು ಹೊಲಿಯುವುದರಲ್ಲಿ ಹೆಸರು ಮಾಡಿದ ಪಶುವೈದ್ಯನೊಬ್ಬ ಹೊಳೆಯಾಚೆ ಡೇರೆ ಹಾಕಿದ್ದಾನೆ. ಇವತ್ತು ಮಧ್ಯಾಹ್ನ ಡೇರೆ ಕಿತ್ತು ಹೊರಡುತ್ತಾನೆ.

ಹೊತ್ತು ಆಗಲೇ ಮಾರುದ್ದ ಏರಿತ್ತು. ಕೆಂಚವ್ವ ಒಳಗೆ ಓಡಿದಳು. ಮಗ್ಗದಿಂದ ಇಳಿಸಿದ ಹೊಸ ಕಂಬಳಿಯನ್ನು ತಂದು ಹಾಸಿ ಚಂದ್ರಿಯನ್ನು ಅದರ ಮೇಲೆ ಮಲಗಿಸಿದಳು. ಅವಳು ಒಂದು ತುದಿ ಹಿಡಿದಳು, ಸೂಲಗಿತ್ತಿ ಇನ್ನೊಂದು ತುದಿ ಹಿಡಿದಳು. ನಾಯಿ ಭಾರವಿತ್ತು. ಪೇಟೆಯ ಹತ್ತಿರ ಬರುವಷ್ಟರಲ್ಲಿ ಇಬ್ಬರ ಕೈಗಳೂ ಸೋತಿದ್ದವು. ಕಂಚುಗಾರ ಕಂಡ. ಕಾಸಿದ ತಟ್ಟೆಯನ್ನು ಹಾಗೆಯೇ ಬಿಟ್ಟು ಬಂದು ಮೂರನೆಯ ತುದಿ ಹಿಡಿದ. ಕಂಬಳಿಯ ನಾಲ್ಕನೆಯ ತುದಿ ನೆಲದಲ್ಲಿ ಎಳೆಯುತ್ತಿತ್ತು. ಕುಂಬಾರ ತನ್ನ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಗೊಣಗುತ್ತ ಬಂದು ಅದನ್ನೂ ಎತ್ತಿದ.

ಅವರು ಹೊಳೆಯ ದಡ ಮುಟ್ಟಿದಾಗ ದೋಣಿ ಹೊರಟುಹೋಗಿತ್ತು. ಅದು ಹೊಳೆಯ ನಡುವೆ ಇತ್ತು. ಅಂಬಿಗ ಯಾರಿಗೂ ದೋಣಿ ತಿರುಗಿಸುವವನಲ್ಲ. ಗೌಡನೇ ಕರೆದರೂ ಒಂದು ಸುತ್ತು ಮುಗಿಸಿಯೇ ಬರುವವನು. ಆ ಸುತ್ತು ಮುಗಿಯುವ ಹೊತ್ತಿಗೆ ವೈದ್ಯ ಎರಡು ಊರು ದಾಟಿರುತ್ತಾನೆ. ನಾಲ್ವರೂ ಒಟ್ಟಿಗೆ ಕೂಗಿದರು. ಕಂಚುಗಾರನ ದನಿ ದೊಡ್ಡದು, ಸದ್ದಿನ ನಡುವೆ ಕೂಗಿ ಕೂಗಿ ಪಳಗಿದ್ದು.

"ಜೀವ ಹೋಗುತ್ತಿದೆ, ತಿರುಗಿಸಪ್ಪೋ!"

ಅಂಬಿಗ ನೋಡಿದ. ನಾಲ್ಕು ಜನ ಕಂಬಳಿಯಲ್ಲಿ ಹೊತ್ತದ್ದು ಮನುಷ್ಯನನ್ನೇ ಎಂದುಕೊಂಡ. ದೋಣಿಯಲ್ಲಿದ್ದವರು ಬೇಡವೆಂದರೂ ಕೇಳದೆ ತಿರುಗಿಸಿದ. ದಡಕ್ಕೆ ಬಂದು ಕಂಬಳಿಯೊಳಗೆ ಬಗ್ಗಿ ನೋಡಿದಾಗ ಚಂದ್ರಿ ತಲೆಯೆತ್ತಿ ಅವನ ಕೈ ನೆಕ್ಕಿದಳು. ಅವನ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ಉಳಿಯಿತು. "ಹತ್ತಿ, ಬೇಗ ಹತ್ತಿ" ಎಂದ. ಅಷ್ಟು ಜೋರಾಗಿ ಅವನು ಹುಟ್ಟು ಹಾಕಿದ್ದನ್ನು ಆ ಹೊಳೆ ನೋಡಿರಲಿಲ್ಲ.

ಆಚೆ ದಡದಲ್ಲಿ ಡೇರೆ ಮಡಚಿಯಾಗಿತ್ತು. ವೈದ್ಯ ತನ್ನ ಪೆಟ್ಟಿಗೆಯನ್ನು ಕುದುರೆಯ ಬೆನ್ನಿಗೆ ಕಟ್ಟುತ್ತಿದ್ದ. ಇವರು ಓಡಿಬಂದು ಕಂಬಳಿಯನ್ನು ಅವನ ಕಾಲ ಬಳಿ ಇಳಿಸಿದರು. ಅವನು ನಾಯಿಯ ಹಲ್ಲು ನೋಡಿದ, ಗಂಟು ನೋಡಿದ, ತಲೆಯಾಡಿಸಿದ.

"ಕೊಯ್ಯಬಹುದು. ಆದರೆ ಇದಕ್ಕೆ ಇನ್ನೆಷ್ಟು ದಿನ ಇದೆ ಎಂದು ನಿನಗೆ ಗೊತ್ತೇನಮ್ಮ?"

"ಗೊತ್ತಿಲ್ಲ ವೈದ್ಯರೇ. ನನಗೆ ಎಷ್ಟು ದಿನ ಇದೆ ಅಂತಲೂ ಗೊತ್ತಿಲ್ಲ. ಆದರೂ ಬೆಳಗ್ಗೆ ಎದ್ದು ಗಂಜಿ ಕುಡಿದು ಬಂದಿದ್ದೇನೆ" ಎಂದಳು ಕೆಂಚವ್ವ.

ವೈದ್ಯ ಅವಳನ್ನು ದಿಟ್ಟಿಸಿದ. ಆಮೇಲೆ ಕಟ್ಟಿದ್ದ ಹಗ್ಗ ಬಿಚ್ಚಿ ಪೆಟ್ಟಿಗೆ ಇಳಿಸಿದ.

ಅವನು ಮಂಪರು ಬರುವ ಮದ್ದು ಕುಡಿಸಿದ. ಕತ್ತಿಯನ್ನು ಕುದಿಯುವ ನೀರಿಗೆ ಹಾಕಿ ತೆಗೆದ. ಸೂಲಗಿತ್ತಿ ನಾಯಿಯ ತಲೆ ಹಿಡಿದಳು, ಕಂಚುಗಾರ ಕಾಲು ಹಿಡಿದ. ಕುಂಬಾರ ಮುಖ ಆಚೆ ತಿರುಗಿಸಿ ಬಿಸಿನೀರು ಕೊಟ್ಟ. ಅಂಬಿಗ ದೋಣಿ ಕಟ್ಟಿ ಬಂದು ನಿಂತಿದ್ದ. ದೋಣಿಗಾಗಿ ಬಂದವರೂ ಅಲ್ಲೇ ನಿಂತರು. ಯಾರೂ ಹೊಳೆ ದಾಟಿಸು ಎಂದು ಕೇಳಲಿಲ್ಲ. ಗಂಟು ಇಡಿಯಾಗಿ ಬಂತು. ವೈದ್ಯ ಹೊಲಿಗೆ ಮುಗಿಸಿ ಮದ್ದು ಹಚ್ಚಿದ. ಚಂದ್ರಿ ಅಲುಗಲಿಲ್ಲ. ಕೆಂಚವ್ವ ಅವಳ ಎದೆಯ ಮೇಲೆ ಕೈಯಿಟ್ಟು ಕುಳಿತಳು. ಉಸಿರು ಇದೆಯೋ ಇಲ್ಲವೋ ತಿಳಿಯಲಿಲ್ಲ. ಬಿಸಿಲು ತಿರುಗಿ ನೆರಳು ಒಂದು ಗೇಣು ಉದ್ದವಾಯಿತು.

ಬಾಲದ ತುದಿ ಒಂದು ಸಲ ನೆಲಕ್ಕೆ ಬಡಿಯಿತು. ಮತ್ತೆ ಒಂದು ಸಲ.

ಕಂಚುಗಾರ ಕುಂಬಾರನನ್ನು ಅಪ್ಪಿಕೊಂಡು ಎತ್ತಿಬಿಟ್ಟ. ಹೆಸರೂ ಗೊತ್ತಿಲ್ಲದ ಜನ ಕೇಕೆ ಹಾಕಿದರು. ಸೂಲಗಿತ್ತಿ ಎಷ್ಟೋ ಮಕ್ಕಳನ್ನು ಭೂಮಿಗೆ ತಂದವಳು, ಮೊದಲ ಸಲ ಕೂಸು ಕಂಡವಳಂತೆ ಅತ್ತಳು. ವೈದ್ಯ ಕೈ ತೊಳೆಯುತ್ತ, "ಹತ್ತು ದಿನ ಗಾಯಕ್ಕೆ ನೀರು ತಾಗಬಾರದು. ಇನ್ನು ಮೇಲೆ ಇವಳನ್ನು ದೂರ ನಡೆಸಬೇಡಿ" ಎಂದ. ಹೊರಡುವ ಮೊದಲು ತಾನೂ ಒಮ್ಮೆ ಅವಳ ಕಿವಿ ಸವರಿದ.

ಮರಳುವಾಗ ಹೊಳೆಯ ನಡುವೆ ಅಂಬಿಗ ಹುಟ್ಟು ನಿಲ್ಲಿಸಿದ.

"ಕೆಂಚವ್ವ, ಇವಳಿಗೆ ಯಾರ ಮನೆ ನೋಡಿದ್ದೀ?"

"ಇನ್ನೂ ನೋಡಿಲ್ಲಣ್ಣ. ಹದಿಮೂರು ವರ್ಷ ದಾರಿಯಲ್ಲೇ ಇದ್ದವಳು. ಒಂದು ಕಡೆ ಕೂರಲೊಲ್ಲಳು, ನಡೆಯಲಾರಳು. ಯಾವ ಮನೆ ಹೊಂದುತ್ತದೋ ತಿಳಿಯದು."

"ನನ್ನ ದೋಣಿಯಲ್ಲಿ ಇರಲಿ. ಇವಳು ಕೂತಿರಲಿ, ದೋಣಿ ನಡೆಯುತ್ತದೆ" ಎಂದ ಅಂಬಿಗ.

ಕೆಂಚವ್ವನಿಗೆ ಎದ್ದು ನಿಲ್ಲುವಷ್ಟು ಸಂತೋಷವಾಯಿತು. ಎದ್ದೇಬಿಟ್ಟಳು. ದೋಣಿ ಹೊಯ್ದಾಡಿತು. ಎಲ್ಲರೂ ಕೂಗಿ ಅವಳನ್ನು ಕೂರಿಸಿದರು.

ಹತ್ತು ದಿನ ಚಂದ್ರಿ ಕೆಂಚವ್ವನ ಮನೆಯಲ್ಲಿ ಮಲಗಿದಳು. ಹನ್ನೊಂದನೆಯ ದಿನ ಕೆಂಚವ್ವ ಬಾಗಿಲು ತೆಗೆಯುವ ಮೊದಲೇ ಅಂಬಿಗ ಹೊರಗೆ ಕಾದಿದ್ದ. ಹೊಸ ಪಂಚೆ ಉಟ್ಟಿದ್ದ. ಚಂದ್ರಿಯನ್ನು ಎದೆಗೆ ಅಪ್ಪಿ ಎತ್ತಿಕೊಂಡು ಹೋದ. ಕೆಂಚವ್ವ ಹಿಂದೆ ಹಿಂದೆಯೇ ದಡದವರೆಗೂ ಹೋದಳು. ದೋಣಿ ಹೊರಟಿತು. ಚಂದ್ರಿ ಮೊದಲು ದಡವನ್ನೇ ನೋಡುತ್ತಿದ್ದಳು. ನೀರು ಅಗಲವಾದಂತೆ ಅವಳು ನಿಧಾನವಾಗಿ ಮುಂದಕ್ಕೆ ನಡೆದು ದೋಣಿಯ ಮೂತಿಯಲ್ಲಿ ನಿಂತಳು. ಗಾಳಿಗೆ ಅವಳ ಕಿವಿಗಳು ಹಾರಿದವು. ಅವಳು ಹೊಳೆಯನ್ನು ನೋಡಿ ಬೊಗಳಿದಳು. ಬಾಲ ಬೀಸಿದಳು. ಮತ್ತೆ ಬೊಗಳಿದಳು. ಎರಡೂ ದಡದ ಜನ ಹುಚ್ಚು ಹಿಡಿದವರಂತೆ ನಕ್ಕರು. ಕೆಂಚವ್ವ ಮೊಣಕಾಲುದ್ದ ನೀರಿಗೆ ಇಳಿದು ನಿಂತದ್ದು ಅವಳಿಗೇ ತಿಳಿದಿರಲಿಲ್ಲ.

ಆಮೇಲೆ ಆ ಊರಿಗೆ ವ್ಯಾಪಾರಿಗಳ ತಂಡ ಬಂದರೆ ಜನ ಬಾವಿಯ ಬಳಿ ಸೇರತೊಡಗಿದರು. "ಈ ಸಲ ಯಾರಾದರೂ ಮುದುಕರು ಬಂದಿದ್ದಾರಾ?" ಎಂದು ಕೇಳತೊಡಗಿದರು. ಹಲ್ಲಿಲ್ಲದ ಒಂದು ನಾಯಿಗಾಗಿ ಎರಡು ಮನೆಯವರು ಜಗಳವಾಡಿ ಕೆಂಚವ್ವನ ಬಳಿ ನ್ಯಾಯಕ್ಕೆ ಬಂದರು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಅಡಿವೆಪ್ಪ ಮುಂದಕ್ಕೆ ಬಾಗಿ ಕುಳಿತಿದ್ದ. ಅವನ ಮುಖ ಅರಳಿತ್ತು. ಆದರೂ ಅವನಿಗೆ ತಡೆಯಲಾಗಲಿಲ್ಲ.

"ಗುರುಗಳೇ, ದೋಣಿಗೆ ಹೋದ ಮೇಲೆ ಚಂದ್ರಿ ಎಷ್ಟು ದಿನ ಬದುಕಿದಳು?"

ಗುರುಗಳು ಹೇಳಿದರು: "ಇದ್ದಷ್ಟು ದಿನವೂ ಬದುಕಿದಳು."